ಕೃಷ್ಣವಿವರವೂ ಅನುಮಾನ ಪ್ರಮಾಣವೂ

ಆಂಗ್ಲರು ‘ಬ್ಲ್ಯಾಕ್ ಹೋಲ್’ ಎಂದು ಕರೆಯುವ ಆಕಾಶವಸ್ತುವಿಗೆ ನಮ್ಮ ಭಾಷೆಯಲ್ಲಿ ಮೂರು ಹೆಸರುಗಳು ಬಳಕೆಯಲ್ಲಿವೆ. ವೃತ್ತಪತ್ರಿಕೆಗಳವರು ಬಹುಮಟ್ಟಿಗೆ ‘ಕಪ್ಪುಕುಳಿ’ ಎನ್ನುತ್ತಾರೆ. ಕೆಲವರು ‘ಕಪ್ಪುರಂಧ್ರ’ ಎಂದು ಬರೆಯುತ್ತಾರೆ. ಸಂಸ್ಕೃತದ ಒಲವುಳ್ಳವರು ‘ಕೃಷ್ಣವಿವರ’ ಎನ್ನುವುದುಂಟು. ವಿಜ್ಞಾನದ ಅಧ್ಯಾಪಕರು ಯಾವುದನ್ನು ಬಳಸಿದರೂ ನನ್ನ ತಕರಾರಿಲ್ಲ. ಆದರೆ ಭಾಷಾಪಂಡಿತನಾದ ನನಗೆ ಮೂರನೆಯದರ ಮೇಲೆ ಪಕ್ಷಪಾತವಿದೆ; ಅದಕ್ಕೆ ಕಾರಣವೂ ಇದೆ. ‘ವೃ’ ಧಾತುವಿಗೆ ಮುಚ್ಚು ಎಂದು ಅರ್ಥ. ‘ವಿ’ ಎಂಬ ಉಪಸರ್ಗ ಸೇರಿದೊಡನೆ ಅದು ತೆರೆ ಎಂಬ ವಿಪರೀತಾರ್ಥವನ್ನು ಕೊಡುತ್ತದೆ. ಹೀಗಾಗಿ ಸಂಸ್ಕೃತದಲ್ಲಿ ‘ವಿವರ’ವೆಂದರೆ ಬಿಲ, ರಂಧ್ರ, ತೆರಪು. ಅದೇ ಶಬ್ದ ಕನ್ನಡಕ್ಕೆ ಬಂದು, ಮುಚ್ಚಿದ್ದನ್ನು ಬಿಡಿಸಿ ಹೇಳಿದ ಸಂಗತಿ ಎಂಬ ಅರ್ಥದಲ್ಲಿ ನೆಲೆನಿಂತಿದೆ. ತನ್ನೊಳಗಿನ ಒಂದು ವಿವರವನ್ನೂ ಹೊರಗೆಡಹದ ವಸ್ತುವಿಗೆ ‘ವಿವರ’ವೆಂದೇ ಹೆಸರಾದದ್ದು ಶಬ್ದಪ್ರಪಂಚದ ಒಂದು ವಿನೋದ.

ವಿನೋದ ಇಲ್ಲಿಗೇ ಮುಗಿಯುವುದಿಲ್ಲ. ಎಷ್ಟೇ ದೊಡ್ಡ ನಕ್ಷತ್ರ ಕುಸಿದು ಕೃಷ್ಣವಿವರವಾಗಲಿ, ಅದು ಮೊದಲು ಕಬ್ಬಿಣವಾಗಿತ್ತೋ ಜಲಜನಕವಾಗಿತ್ತೋ, ದುಂಡಗಿತ್ತೋ ಅಂಕುಡೊಂಕಾಗಿತ್ತೋ ಎಂಬುದಾವುದೂ ಹೊರಗಿನವರಿಗೆ ಉಳಿಯುವುದಿಲ್ಲ. ಅದರ ದ್ರವ್ಯರಾಶಿ, ಅದರ ಭ್ರಮಣ, ಅದರ ವಿದ್ಯುದಂಶ, ಈ ಮೂರೇ ಉಳಿಯುತ್ತವೆಂದು ಭೌತಶಾಸ್ತ್ರಜ್ಞರು ಹೇಳುತ್ತಾರೆ. ವಿದ್ಯುದಂಶವು ನಿಸರ್ಗದಲ್ಲಿ ಬೇಗನೆ ಸರಿದೂಗಿಹೋಗುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದರೆ ಕೃಷ್ಣವಿವರಕ್ಕೆ ಇರುವುದು ಎರಡೇ ವಿವರ: ಎಷ್ಟು ತೂಕ, ಎಷ್ಟು ವೇಗದ ಸುತ್ತು. ಈ ಎರಡನ್ನು ಅರಿಯುವುದಕ್ಕಾಗಿ ಮನುಷ್ಯನು ದೂರದರ್ಶಕಗಳನ್ನು ಭೂಮಿಯಿಂದಾಚೆಗೆ ಕಳುಹಿಸಿದ ಬಗೆಯನ್ನೂ, ಅದರಲ್ಲಿ ನಮ್ಮ ನಾಡಿನವರು ವಹಿಸಿದ ಪಾತ್ರವನ್ನೂ ಪ್ರಕೃತ ಲೇಖನದಲ್ಲಿ ನಿವೇದಿಸಲಾಗಿದೆ.

ಮೊದಲು ಒಂದೆರಡು ತಪ್ಪು ತಿಳಿವಳಿಕೆಗಳನ್ನು ಬದಿಗಿರಿಸಬೇಕು. ಕೃಷ್ಣವಿವರವು ಆಕಾಶದಲ್ಲಿರುವ ತೂತಲ್ಲ. ಅತ್ಯಂತ ಕಿರಿದಾದ ಸ್ಥಳದಲ್ಲಿ ಅಡಕಗೊಂಡ ಅಪಾರ ದ್ರವ್ಯ. ನಮ್ಮ ಸೂರ್ಯನನ್ನು ಅಮುಕಿ ೩ ಕಿಲೋಮೀಟರ್ ತ್ರಿಜ್ಯದ ಉಂಡೆ ಮಾಡಿದರೆ ಅದು ಕೃಷ್ಣವಿವರವಾಗುತ್ತದೆ. ಭೂಮಿಯನ್ನಾದರೆ ಹುಡುಗರು ಆಡುವ ಗೋಲಿಯ ಗಾತ್ರಕ್ಕೆ ಇಳಿಸಬೇಕು. ಅಷ್ಟು ಅಡಕಗೊಂಡಾಗ ಅದರ ಗುರುತ್ವಾಕರ್ಷಣೆಯನ್ನು ಮೀರಿ ಬೆಳಕೂ ಹೊರಡಲಾರದು. ಕಾರ್ಲ್ ಶ್ವಾರ್ಜ್‌ಶಿಲ್ಡ್ ಎಂಬ ಜರ್ಮನ್ ವಿಜ್ಞಾನಿ ೧೯೧೬ರಲ್ಲಿಯೇ, ಐನ್‌ಸ್ಟೈನರ ಸಮೀಕರಣಗಳಿಂದ ಈ ಗಡಿಯ ಲೆಕ್ಕವನ್ನು ಕಂಡುಕೊಂಡನು. ಎರಡನೆಯದಾಗಿ, ಅದು ಸಿಕ್ಕಿದ್ದನ್ನೆಲ್ಲ ಸೆಳೆದು ನುಂಗುವ ರಾಕ್ಷಸನೂ ಅಲ್ಲ. ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕೃಷ್ಣವಿವರವನ್ನಿಟ್ಟರೆ ಭೂಮಿಯು ಈಗಿನಂತೆಯೇ ವರ್ಷಕ್ಕೊಂದು ಸುತ್ತು ಹಾಕಿಕೊಂಡಿರುತ್ತದೆ. ಕತ್ತಲೆಯೂ ಚಳಿಯೂ ಕವಿಯುವುದೇ ವ್ಯತ್ಯಾಸ. ತೀರ ಸಮೀಪಕ್ಕೆ ಬಂದುದಕ್ಕೆ ಮಾತ್ರ ಅಪಾಯ.

ಇದನ್ನು ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ಪ್ರಸಂಗವಶಾತ್ ವಿವರಿಸುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು, “ಕಾಣಂಗಿಲ್ಲ ಅಂದ್ಮ್ಯಾಲ ಅದ ಅಂತ ಹ್ಯಾಂಗ ಹೇಳ್ತೀರಿ ಸರ್?” ಎಂದು ಕೇಳಿದನು. ಆ ಪ್ರಶ್ನೆ ನನಗೆ ಬಹಳ ಹಿಡಿಸಿತು. ಏಕೆಂದರೆ ನಾವು ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದುವಾಗ ತಿಂಗಳುಗಟ್ಟಲೆ ಚರ್ಚಿಸಿದ್ದು ಇದೇ ಪ್ರಶ್ನೆಯನ್ನು. ಇಂದಿನ ಕನ್ನಡದಲ್ಲಿ ‘ಅನುಮಾನ’ವೆಂದರೆ ಸಂಶಯ, ನೆರೆಮನೆಯವನ ಮೇಲೆ ಅನುಮಾನ ಪಡುವುದು ಎನ್ನುತ್ತೇವೆ. ಶಾಸ್ತ್ರದಲ್ಲಾದರೋ ಅನುಮಾನವು ಸಂಶಯವನ್ನು ನೀಗುವ ಪ್ರಮಾಣ. ಕಂಡ ಗುರುತಿನಿಂದ ಕಾಣದ ವಸ್ತುವನ್ನು ನಿಶ್ಚಯಿಸುವುದೇ ಅದು. ಆ ಗುರುತಿಗೆ ಹೇತುವೆಂದು ಹೆಸರು, ಲಿಂಗವೆಂದೂ ಕರೆಯುತ್ತಾರೆ.

ನ್ಯಾಯಸೂತ್ರಕಾರ ಗೌತಮನು ಅನುಮಾನವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಅವುಗಳಲ್ಲಿ ನಡುವಿನದಾದ ‘ಶೇಷವತ್’ ಎಂಬುದನ್ನು ಭಾಷ್ಯಕಾರ ವಾತ್ಸ್ಯಾಯನನು ಎರಡು ರೀತಿಯಲ್ಲಿ ವಿವರಿಸುತ್ತಾನೆ. ಕಾರ್ಯವನ್ನು ಕಂಡು ಕಾರಣವನ್ನು ತಿಳಿಯುವುದು ಒಂದು ರೀತಿ. ನದಿ ತುಂಬಿ ರಭಸದಿಂದ ಹರಿಯುವುದನ್ನು ನೋಡಿ ಮೇಲೆಲ್ಲೋ ಮಳೆಯಾಗಿದೆಯೆಂದು ಅರಿಯುವುದು ಅದಕ್ಕೆ ಅವನು ಕೊಟ್ಟ ಉದಾಹರಣೆ. ಇದು ನಮ್ಮ ಭಾಗದವರಿಗೆ ಪುಸ್ತಕದ ಮಾತಲ್ಲ. ನಮ್ಮ ಎರೆಹೊಲಗಳಲ್ಲಿ ಒಂದು ಹನಿಯೂ ಬೀಳದ ಆಷಾಢದಲ್ಲಿ ಕೃಷ್ಣೆ ಕೆಂಪಾಗಿ ಉಕ್ಕಿ ಬಂದರೆ, ಮಹಾಬಳೇಶ್ವರದ ಘಟ್ಟದಲ್ಲಿ ಮಳೆ ಹಿಡಿದಿದೆಯೆಂದು ದಂಡೆಯ ಊರುಗಳ ಮುದುಕರು ಹೇಳಬಲ್ಲರು. ಅವರಲ್ಲಿ ಎಷ್ಟೋ ಜನ ಆ ಘಟ್ಟವನ್ನು ನೋಡಿದವರಲ್ಲ. ಇನ್ನೊಂದು ರೀತಿ, ಸಾಧ್ಯವಿರುವ ಪಕ್ಷಗಳನ್ನೆಲ್ಲ ಒಂದೊಂದಾಗಿ ತಳ್ಳಿಹಾಕಿ ಕೊನೆಗೆ ಶೇಷವಾಗಿ ಉಳಿದುದನ್ನು ಒಪ್ಪುವುದು. ಕೃಷ್ಣವಿವರದ ಶೋಧನೆಯಲ್ಲಿ ಈ ಎರಡು ರೀತಿಗಳೂ ಕೈಕೈ ಹಿಡಿದು ನಡೆದಿವೆ.

ಇಲ್ಲಿ ಒಂದು ಮಾತನ್ನು ನಿಷ್ಠುರವಾಗಿ ಹೇಳಬೇಕಾಗಿದೆ. ಶೂನ್ಯ, ಬಯಲು, ತಮಸ್ಸು ಎಂಬ ಪದಗಳು ಪ್ರಾಚೀನ ವಾಙ್ಮಯದಲ್ಲಿ ಎಲ್ಲಿ ಕಂಡರೂ, ನಮ್ಮ ಪೂರ್ವಿಕರಿಗೆ ಕೃಷ್ಣವಿವರ ಗೊತ್ತಿತ್ತೆಂದು ಸಭೆಗಳಲ್ಲಿ ಭಾಷಣ ಮಾಡುವ ಹವ್ಯಾಸ ಈಚೆಗೆ ಹೆಚ್ಚಿದೆ. ಗೊತ್ತಿರಲಿಲ್ಲ. ಶರಣರ ಬಯಲು ಅನುಭಾವದ ಮಾತು. ಅದನ್ನು ಎಳೆದು ತಂದು ಖಗೋಳದ ತಕ್ಕಡಿಗೆ ಹಾಕುವುದು ಎರಡಕ್ಕೂ ಮಾಡುವ ಅನ್ಯಾಯ. ಪೂರ್ವಿಕರು ನಮಗೆ ಬಿಟ್ಟುಹೋದದ್ದು ಫಲಿತಾಂಶವನ್ನಲ್ಲ, ಹೇತುವನ್ನು ಪರೀಕ್ಷಿಸುವ ಕ್ರಮವನ್ನು. ಅದೇನು ಕಡಿಮೆಯ ಆಸ್ತಿಯೆ?

ಹಾಗಾದರೆ ಕೃಷ್ಣವಿವರಕ್ಕೆ ಹೊಗೆ ಯಾವುದು? ಕ್ಷ-ಕಿರಣ. ೧೮೯೫ರಲ್ಲಿ ಈ ಕಿರಣವನ್ನು ಕಂಡುಹಿಡಿದ ರಾಂಟ್‌ಜೆನ್, ಅದರ ಸ್ವರೂಪ ಗೊತ್ತಿಲ್ಲದ್ದರಿಂದ ಬೀಜಗಣಿತದ ಅಜ್ಞಾತ ಚಿಹ್ನೆಯನ್ನೇ ಅದಕ್ಕೆ ಹೆಸರಾಗಿಟ್ಟನು. ನಮ್ಮವರು ಧ್ವನಿಸಾಮ್ಯದಿಂದ ‘ಕ್ಷ’ ಎಂದರು. ಆಸ್ಪತ್ರೆಯಲ್ಲಿ ಮೂಳೆಯ ಚಿತ್ರ ತೆಗೆಯುವುದೂ ಇದೇ ಕಿರಣದಿಂದ. ಕುಲುಮೆಯಲ್ಲಿ ಕಬ್ಬಿಣವನ್ನು ಕಾಯಿಸಿದಾಗ ಮೊದಲು ಕೆಂಪಾಗಿ, ಅನಂತರ ಹಳದಿಯಾಗಿ, ಇನ್ನೂ ತಿದಿಯೊತ್ತಿದರೆ ಬೆಳ್ಳಗೆ ಹೊಳೆಯುವುದನ್ನು ಎಲ್ಲರೂ ಬಲ್ಲರು. ಕಾವು ಏರಿದಂತೆ ಬೆಳಕಿನ ಜಾತಿ ಬದಲಾಗುತ್ತದೆ. ಕೋಟಿ ಡಿಗ್ರಿಯ ಸಮೀಪಕ್ಕೆ ಕಾದ ಅನಿಲವು ಬಹುಪಾಲು ಕಣ್ಣಿಗೆ ಕಾಣದ ಕ್ಷ-ಕಿರಣವನ್ನೇ ಸೂಸುತ್ತದೆ. ನಾರಾಯಣಪುರದ ಬಸವಸಾಗರದಂತಹ ಅಣೆಕಟ್ಟಿನ ತೂಬಿನೆಡೆಯಲ್ಲಿ ನೀರು ನೇರವಾಗಿ ಒಳಹೋಗದೆ ಸುಳಿಯಾಗಿ ಸುತ್ತುವಂತೆ, ಕೃಷ್ಣವಿವರದ ಕಡೆಗೆ ಬೀಳುವ ಅನಿಲವೂ ಬಿಲ್ಲೆಯಾಕಾರದಲ್ಲಿ ಹರಡಿಕೊಂಡು ಸುತ್ತುತ್ತದೆ. ಒಳಗಿನ ಸುತ್ತು ವೇಗ, ಹೊರಗಿನದು ನಿಧಾನ. ಒಂದಕ್ಕೊಂದು ಉಜ್ಜಿ ಕಾವೇರುತ್ತದೆ. ಸೂರ್ಯನೊಳಗೆ ಜಲಜನಕ ಬೆಂದು ಹೀಲಿಯಂ ಆಗುವಾಗ ದ್ರವ್ಯದ ನೂರರಲ್ಲಿ ಒಂದು ಪಾಲೂ ಶಕ್ತಿಯಾಗುವುದಿಲ್ಲ. ಈ ಸುಳಿಯಲ್ಲಾದರೋ ನೂರಕ್ಕೆ ಆರರಿಂದ ಹಿಡಿದು ನಲವತ್ತರವರೆಗೂ ಆಗಬಹುದು. ಬೆಳಕನ್ನೇ ಬಿಡದ ವಸ್ತುವಿನ ಅಂಗಳದಲ್ಲಿ ಬ್ರಹ್ಮಾಂಡದ ಅತ್ಯಂತ ಪ್ರಖರವಾದ ದೀಪಗಳು ಉರಿಯುವುದು ಹೀಗೆ. ಗಡಿಯೊಳಗೆ ಬಿದ್ದದ್ದು ಮಾತ್ರ ಹೋಯಿತು; ಬೀಳುವ ಮೊದಲು ಅದು ಕೂಗಿ ಹೇಳಿದ್ದು ನಮ್ಮವರೆಗೆ ಬರುತ್ತದೆ.

ತರ್ಕವನ್ನು ಓದಿದವರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹೊಗೆಯಿದ್ದಲ್ಲಿ ಬೆಂಕಿ ಇರಲೇಬೇಕು. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆ ಇರಬೇಕೆಂಬ ನಿಯಮವಿಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಏಳಬೇಕಾದರೆ ಹಸಿ ಕಟ್ಟಿಗೆ ಕೂಡಬೇಕು. ಇದನ್ನೇ ಶಾಸ್ತ್ರದಲ್ಲಿ ಉಪಾಧಿ ಎನ್ನುತ್ತಾರೆ. ಕೃಷ್ಣವಿವರಕ್ಕೂ ಹಾಗೆಯೇ. ಆಕಾಶದಲ್ಲಿ ಒಂಟಿಯಾಗಿ ಅಲೆಯುವ ಕೃಷ್ಣವಿವರದಿಂದ ಯಾವ ಸುದ್ದಿಯೂ ಬಾರದು. ಪಕ್ಕದಲ್ಲೊಂದು ಜೊತೆಗಾರ ನಕ್ಷತ್ರವಿದ್ದು, ಅದರ ಅನಿಲವು ಹಸಿ ಕಟ್ಟಿಗೆಯಂತೆ ಒದಗಿದಾಗ ಮಾತ್ರ ಕ್ಷ-ಕಿರಣದ ಹೊಗೆ ಏಳುತ್ತದೆ. ಅಂದಮೇಲೆ ಕ್ಷ-ಕಿರಣದಿಂದ ನಾವು ಕಂಡದ್ದು ಇರುವ ಕೃಷ್ಣವಿವರಗಳಲ್ಲಿ ಬಹಳ ಸ್ವಲ್ಪವನ್ನು.

ಈ ಹೊಗೆಯನ್ನು ನೋಡುವುದಕ್ಕೂ ಒಂದು ವಿಘ್ನವಿದೆ. ಭೂಮಿಯ ವಾತಾವರಣವು ಆಕಾಶದಿಂದ ಬರುವ ಕ್ಷ-ಕಿರಣಗಳನ್ನೆಲ್ಲ ಹೀರಿಬಿಡುತ್ತದೆ. ಜೀವಿಗಳಿಗೆ ಇದು ಉಪಕಾರ, ಖಗೋಳಜ್ಞರಿಗೆ ಅಡ್ಡಿ. ಹಿಮಾಲಯದ ನೆತ್ತಿಯನ್ನೇರಿದರೂ ಪ್ರಯೋಜನವಿಲ್ಲ. ಆದುದರಿಂದ ಉಪಕರಣವನ್ನೇ ಮೇಲಕ್ಕೆ ಕಳುಹಿಸಬೇಕಾಯಿತು. ಕಡಿಮೆ ಖರ್ಚಿನ ಉಪಾಯವೆಂದರೆ ಬಲೂನು. ನಮಗೆ ನೆರೆಯಾದ ಹೈದರಾಬಾದಿನಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ೧೯೬೮ರಲ್ಲಿಯೇ ಕ್ಷ-ಕಿರಣ ಶೋಧಕಗಳನ್ನು ದೊಡ್ಡ ಬಲೂನಿಗೆ ಕಟ್ಟಿ ಹಾರಿಸಿದರು. ನಲವತ್ತು ಕಿಲೋಮೀಟರ್ ಎತ್ತರದ ಸುಮಾರಿಗೆ ಗಟ್ಟಿಜಾತಿಯ ಕ್ಷ-ಕಿರಣಗಳು ಮಾತ್ರ ಸಿಗುತ್ತವೆ. ಮೃದುವಾದವು ಅಲ್ಲಿಗೂ ಇಳಿಯವು. ಆ ಬಲೂನು ಕೇಂದ್ರ ಇಂದಿಗೂ ನಡೆದಿದೆ. ೨೦೨೫ರ ಜನವರಿ ೧೮ರಂದು ಅಲ್ಲಿಂದ ಹೋದ ಸಂಶೋಧನಾ ಬಲೂನೊಂದು ಬೀದರ ಜಿಲ್ಲೆ ಹುಮನಾಬಾದ ತಾಲೂಕಿನ ಜಲಸಂಗಿಯಲ್ಲಿ ಬಂದು ಬಿದ್ದು, ಊರವರೆಲ್ಲ ಗಾಬರಿಯಾದ ಸುದ್ದಿಯನ್ನು ಓದಿದವರಿಗೆ ನೆನಪಿರಬಹುದು. ಚಾಲುಕ್ಯ ವಿಕ್ರಮಾದಿತ್ಯನನ್ನು ಹೊಗಳಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆ ಇರುವ ಜಲಸಂಗಿಯೇ ಇದು. ಒಂಬೈನೂರು ವರ್ಷಗಳಿಂದ ಕಲ್ಲಿನಲ್ಲಿ ಬರೆಯುತ್ತ ನಿಂತವಳ ಊರಿಗೆ ಆಕಾಶವನ್ನು ಓದಲು ಹೊರಟ ಯಂತ್ರ ಇಳಿದದ್ದು ಕಾಕತಾಳೀಯವೇ ಸರಿ. ಆದರೂ ನನಗೆ ಬಹಳ ಸಂತೋಷವಾಯಿತು.

ಬಲೂನಿಗಿಂತ ಮೇಲಕ್ಕೆ ಹೋಗಬಲ್ಲದ್ದು ರಾಕೆಟ್ಟು. ೧೯೬೨ರ ಜೂನ್ ತಿಂಗಳಲ್ಲಿ ಅಮೆರಿಕದ ರಿಕಾರ್ಡೊ ಜಕೋನಿ ಮತ್ತು ಅವನ ಸಂಗಡಿಗರು ಹಾರಿಸಿದ ರಾಕೆಟ್ಟಿನಲ್ಲಿ, ಸೌರವ್ಯೂಹದ ಹೊರಗಿನಿಂದ ಬರುವ ಕ್ಷ-ಕಿರಣಗಳು ಮೊದಲ ಬಾರಿಗೆ ದೊರೆತವು. ೧೯೬೪ರ ಇನ್ನೊಂದು ರಾಕೆಟ್ಟು ಹಂಸ ನಕ್ಷತ್ರಪುಂಜದಲ್ಲಿ ಒಂದು ಪ್ರಖರ ಮೂಲವನ್ನು ಕಂಡಿತು. ಪಾಶ್ಚಾತ್ಯರು ಆ ಪುಂಜವನ್ನು ಸಿಗ್ನಸ್ ಎನ್ನುವುದರಿಂದ ಇದಕ್ಕೆ ‘ಸಿಗ್ನಸ್ ಎಕ್ಸ್-೧’ ಎಂದು ಹೆಸರಾಯಿತು. ಆದರೆ ರಾಕೆಟ್ಟಿಗೆ ಆಕಾಶವನ್ನು ನೋಡಲು ಸಿಗುವುದು ಐದಾರು ನಿಮಿಷ. ನಿಶ್ಚಿಂತೆಯಿಂದ ನೋಡಬೇಕಾದರೆ ಭೂಮಿಯನ್ನು ಸುತ್ತುತ್ತಲೇ ಇರುವ ಉಪಗ್ರಹ ಬೇಕು. ಅಂತಹ ಮೊದಲನೆಯ ಕ್ಷ-ಕಿರಣ ಉಪಗ್ರಹವು ೧೯೭೦ರ ಡಿಸೆಂಬರ್ ೧೨ರಂದು ಕೀನ್ಯಾ ದೇಶದ ಕರಾವಳಿಯ ಕಟ್ಟೆಯಿಂದ ಹಾರಿತು. ಅಂದು ಆ ದೇಶದ ಸ್ವಾತಂತ್ರ್ಯ ದಿನವಾಗಿದ್ದುದರಿಂದ ಅದಕ್ಕೆ ‘ಉಹುರು’ ಎಂದು ಹೆಸರಿಟ್ಟರು. ಸ್ವಾಹಿಲಿ ಭಾಷೆಯಲ್ಲಿ ಹಾಗೆಂದರೆ ಸ್ವಾತಂತ್ರ್ಯ. ಜಕೋನಿಗೆ ೨೦೦೨ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಉಹುರು ಉಪಗ್ರಹವು ಸಿಗ್ನಸ್ ಎಕ್ಸ್-೧ನ್ನು ನೋಡಿದಾಗ ಅದರ ಕಿರಣ ಸ್ಥಿರವಾಗಿರಲಿಲ್ಲ. ಸೆಕೆಂಡಿನ ಅಲ್ಪ ಭಾಗದಲ್ಲಿ ಏರಿ ಇಳಿಯುತ್ತಿತ್ತು. ಈ ಮಿನುಗಿನಿಂದಲೇ ವಸ್ತುವಿನ ಗಾತ್ರವನ್ನು ಅಳೆಯಬಹುದೆಂಬುದು ವಿಜ್ಞಾನಿಗಳ ಜಾಣ್ಮೆ. ಕಾರ್ತಿಕ ದೀಪೋತ್ಸವದಲ್ಲಿ ಒಂದು ಹರದಾರಿ ಉದ್ದದ ದೀಪದ ಸಾಲು ಇದೆಯೆಂದಿಟ್ಟುಕೊಳ್ಳಿ. ಆರಿಸಿರೆಂದು ಒಂದು ತುದಿಯಲ್ಲಿ ಹೇಳಿದ ಮಾತು ಬಾಯಿಂದ ಬಾಯಿಗೆ ಹೋಗಿ ಇನ್ನೊಂದು ತುದಿಯನ್ನು ಮುಟ್ಟಲು ಹೊತ್ತು ಹಿಡಿಯುತ್ತದೆ. ಇಡೀ ಸಾಲು ರೆಪ್ಪೆ ಮುಚ್ಚುವುದರೊಳಗೆ ಆರಲಾರದು. ಹಾಗೆ ಆರಿದ್ದಾದರೆ ಸಾಲು ಗಿಡ್ಡದೇ ಇರಬೇಕು. ಬೆಳಕಿಗಿಂತ ಬೇಗ ಸುದ್ದಿ ಒಯ್ಯುವವರು ಜಗತ್ತಿನಲ್ಲಿಲ್ಲ. ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಬೆಳಕು ಹೋಗುವುದು ೩೦೦ ಕಿಲೋಮೀಟರ್. ಶಹಾಪುರದಿಂದ ಹೈದರಾಬಾದಿಗೆ ನೇರವಾಗಿ ಹಾರಿ ಅರ್ಧ ದಾರಿ ಹಿಂದಿರುಗಿದಷ್ಟು. ಅಷ್ಟು ಬೇಗ ಮಿನುಗುವ ವಸ್ತು ಅಷ್ಟರೊಳಗೇ ಅಡಗಿರಬೇಕು.

ಗಾತ್ರವೇನೋ ಕಿರಿದಾಯಿತು, ತೂಕವೆಷ್ಟು? ೧೯೭೧-೭೨ರಲ್ಲಿ ಇಂಗ್ಲೆಂಡಿನ ವೆಬ್‌ಸ್ಟರ್ ಮತ್ತು ಮರ್ಡಿನ್, ಕೆನಡಾದ ಬೋಲ್ಟನ್ ಇವರು ಸಾಧಾರಣ ದೂರದರ್ಶಕಗಳಿಂದ ಆ ಜಾಗದಲ್ಲಿ ಒಂದು ದೊಡ್ಡ ನೀಲಿ ನಕ್ಷತ್ರವನ್ನು ಗುರುತಿಸಿದರು. ಅದು ಕಾಣದ ಜೊತೆಗಾರನೊಬ್ಬನ ಸುತ್ತ ೫.೬ ದಿನಕ್ಕೊಮ್ಮೆ ತೂಗಾಡುತ್ತಿತ್ತು. ಈ ತೂಗಾಟದ ರಭಸದಿಂದ ಕಾಣದವನ ತೂಕ ಹೊರಬಿದ್ದಿತು. ಇಲ್ಲಿಂದ ಮುಂದೆ ನಡೆದದ್ದು ವಾತ್ಸ್ಯಾಯನನು ಹೇಳಿದ ಎರಡನೆಯ ರೀತಿ, ಪರಿಶೇಷ. ಅದು ಸಾಮಾನ್ಯ ನಕ್ಷತ್ರವೇ? ಆಗಿದ್ದರೆ ಬೆಳಗುತ್ತಿತ್ತು. ಶ್ವೇತಕುಬ್ಜವೇ? ಶ್ವೇತಕುಬ್ಜವು ಸೂರ್ಯನ ೧.೪ ಪಟ್ಟಿಗಿಂತ ಹೆಚ್ಚು ತೂಗಲಾರದು. ೧೯೩೦ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕುಳಿತು, ಹತ್ತೊಂಬತ್ತು ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಈ ಮಿತಿಯ ಲೆಕ್ಕಕ್ಕೆ ಕೈಹಾಕಿದ್ದರು. ಐದು ವರ್ಷದ ಮೇಲೆ ಲಂಡನ್ನಿನ ವಿದ್ವತ್ಸಭೆಯಲ್ಲಿ ಎಡಿಂಗ್ಟನ್ನನಂತಹ ಹಿರಿಯನೇ ಅದನ್ನು ಎಲ್ಲರೆದುರು ಪರಿಹಾಸ ಮಾಡಿದನು. ೧೯೮೩ರಲ್ಲಿ ನೊಬೆಲ್ ಪಾರಿತೋಷಕ ಬಂದಾಗ ಚಂದ್ರಶೇಖರರಿಗೆ ಎಪ್ಪತ್ತು ದಾಟಿತ್ತು. ನ್ಯೂಟ್ರಾನ್ ನಕ್ಷತ್ರವೇ? ಅದರ ಮಿತಿಯೂ ಸೂರ್ಯನ ಮೂರು ಪಟ್ಟಿನೊಳಗೇ. ಕಾಣದ ಜೊತೆಗಾರನೋ ಅದಕ್ಕೂ ಭಾರ. ಎಲ್ಲವನ್ನೂ ತಳ್ಳಿದ ಮೇಲೆ ಶೇಷವಾಗಿ ಉಳಿದದ್ದು ಕೃಷ್ಣವಿವರ ಒಂದೇ. ೨೦೨೧ರಲ್ಲಿ ಪ್ರಕಟವಾದ ಅಳತೆಯಂತೆ ಅದರ ತೂಕ ಸೂರ್ಯನ ೨೧ ಪಟ್ಟು, ದೂರ ಸುಮಾರು ೭,೨೦೦ ಜ್ಯೋತಿರ್ವರ್ಷ. ಅಷ್ಟು ತೂಕಕ್ಕೆ ಶ್ವಾರ್ಜ್‌ಶಿಲ್ಡನ ಲೆಕ್ಕ ಹಾಕಿದರೆ ಗಡಿಯ ತ್ರಿಜ್ಯ ಅರವತ್ತು ಕಿಲೋಮೀಟರಿಗೆ ಕೊಂಚ ಹೆಚ್ಚು. ಶಹಾಪುರದಲ್ಲಿ ನಡುವನ್ನಿಟ್ಟು ವೃತ್ತ ಎಳೆದರೆ ಅದು ಕಲಬುರಗಿಯನ್ನು ಮುಟ್ಟಲಾರದು. ಅದರೊಳಗೆ ಇಪ್ಪತ್ತೊಂದು ಸೂರ್ಯರು! ಹಾಕಿಂಗ್ ಎಂಬ ಪ್ರಸಿದ್ಧ ವಿಜ್ಞಾನಿಯು ಇದು ಕೃಷ್ಣವಿವರವಲ್ಲವೆಂದು ೧೯೭೪ರಲ್ಲಿ ಗೆಳೆಯ ಥಾರ್ನ್‌ನೊಡನೆ ಪಂದ್ಯ ಕಟ್ಟಿ, ೧೯೯೦ರಲ್ಲಿ ಸೋತೆನೆಂದು ಒಪ್ಪಿಕೊಂಡನು. ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆಂದು ಕವಿಗಳು ಹಂಸವನ್ನು ಕೊಂಡಾಡುತ್ತಾರೆ. ಇಂತಹ ಮೊದಲನೆಯ ವಿವೇಚನೆ ಹಂಸಪುಂಜದಲ್ಲಿಯೇ ನಡೆದದ್ದು ಒಪ್ಪುತ್ತದೆ.

ಕ್ಷ-ಕಿರಣ ಬಂದೊಡನೆ ಕೃಷ್ಣವಿವರವೆಂದು ಸಾರುವಂತಿಲ್ಲ ಎಂಬುದನ್ನೂ ಹೇಳಬೇಕು. ನ್ಯೂಟ್ರಾನ್ ನಕ್ಷತ್ರದ ಸುತ್ತಲೂ ಅಂತಹದೇ ಸುಳಿ ಏರ್ಪಟ್ಟು ಅಂತಹದೇ ಕಿರಣ ಬರುತ್ತದೆ. ಬರಿಯ ಕ್ಷ-ಕಿರಣವು ತಾರ್ಕಿಕರು ಸವ್ಯಭಿಚಾರವೆನ್ನುವ ದುಷ್ಟ ಹೇತು. ಸಾಧ್ಯವಿರುವಲ್ಲಿಯೂ ಇರುತ್ತದೆ, ಇಲ್ಲದಲ್ಲಿಯೂ ಇರುತ್ತದೆ. ಸರ್ಸಿನಸ್ ಎಕ್ಸ್-೧ ಎಂಬ ಇನ್ನೊಂದು ಮೂಲವು ಮಿನುಗುವ ರೀತಿಯಲ್ಲಿ ಸಿಗ್ನಸ್ ಎಕ್ಸ್-೧ನ್ನು ಹೋಲುತ್ತಿದ್ದುದರಿಂದ, ಅದೂ ಕೃಷ್ಣವಿವರವೇ ಇರಬೇಕೆಂದು ಹಲವರು ನಂಬಿದ್ದರು. ೧೯೮೦ರ ದಶಕದಲ್ಲಿ ಯುರೋಪಿನವರ ಎಕ್ಸೋಸ್ಯಾಟ್ ಉಪಗ್ರಹವು ಅದರಲ್ಲಿ ಫಕ್ಕನೆ ಉರಿದು ಆರುವ ಸ್ಫೋಟಗಳನ್ನು ಕಂಡಿತು. ಅನಿಲವು ಗಟ್ಟಿಯಾದ ಮೇಲ್ಮೈಯ ಮೇಲೆ ರಾಶಿಬಿದ್ದು ಹೊತ್ತಿಕೊಂಡರೆ ಮಾತ್ರ ಅಂತಹ ಸ್ಫೋಟ ಸಾಧ್ಯ. ಕೃಷ್ಣವಿವರಕ್ಕೆ ಮೇಲ್ಮೈ ಎಲ್ಲಿಯದು? ಒಂದೇ ದೋಷ ಕಂಡುದರಿಂದ ವರ್ಷಗಳ ನಂಬಿಕೆಯನ್ನು ಅವರು ಕೈಬಿಟ್ಟರು. ನಮ್ಮ ಶಿಕ್ಷಕಬಂಧುಗಳು ಮಕ್ಕಳಿಗೆ ಸಿಗ್ನಸ್ ಎಕ್ಸ್-೧ರ ಕಥೆಯನ್ನು ಹೇಳುವಾಗ ಇದನ್ನೂ 
ತಪ್ಪದೆ ಹೇಳಬೇಕೆಂದು ನನ್ನ ಅರಿಕೆ.

ಇನ್ನು ನಮ್ಮ ನಾಡಿಗೆ ಬರೋಣ. ಉಡುಪಿಯ ಬಳಿಯ ಅದಮಾರಿನಲ್ಲಿ ೧೯೩೨ರಲ್ಲಿ ಹುಟ್ಟಿ, ಹಳ್ಳಿಯ ಶಾಲೆಯಲ್ಲಿಯೇ ಅಕ್ಷರ ಕಲಿತ ಪ್ರೊ. ಯು. ಆರ್. ರಾವ್ ಅವರ ಮುಂದಾಳುತನದಲ್ಲಿ, ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಷೆಡ್ಡುಗಳಲ್ಲಿ ಭಾರತದ ಮೊದಲನೆಯ ಉಪಗ್ರಹ ‘ಆರ್ಯಭಟ’ ಸಿದ್ಧವಾಯಿತು. ಜಾಗದ ಅಭಾವದಿಂದ ಶೌಚಗೃಹವೊಂದನ್ನೇ ಮಾರ್ಪಡಿಸಿ, ಉಪಗ್ರಹದ ಸಂಕೇತಗಳನ್ನು ಬರಮಾಡಿಕೊಳ್ಳುವ ಕೊಠಡಿ ಮಾಡಿಕೊಂಡಿದ್ದರು. ೩೬೦ ಕಿಲೋಗ್ರಾಂ ತೂಕದ ಆ ಉಪಗ್ರಹವು ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ದೇಶದಿಂದ ಮೇಲೇರಿತು. ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಅದರ ಚಿತ್ರವಿದ್ದುದನ್ನು ನಮ್ಮ ಹಿರಿಯ ವಿದ್ಯಾರ್ಥಿಗಳು ಮರೆತಿರಲಾರರು. ಅದರಲ್ಲಿದ್ದ ಮೂರು ಪ್ರಯೋಗಗಳಲ್ಲಿ ಒಂದು ಕ್ಷ-ಕಿರಣ ಖಗೋಳಕ್ಕೆ ಸಂಬಂಧಿಸಿದ್ದೆಂಬುದು ಬಹುಜನರಿಗೆ ತಿಳಿಯದು. ನಾಲ್ಕು ದಿನಗಳ ನಂತರ ವಿದ್ಯುತ್ ಪೂರೈಕೆ ಕೆಟ್ಟು ಪ್ರಯೋಗಗಳು ನಿಂತುಹೋದವು. ಅಷ್ಟರೊಳಗೇ ಅದು ಸಿಗ್ನಸ್ ಎಕ್ಸ್-೧ನ್ನು ನೋಡಿತ್ತು.

ಮುಂದಿನ ದೊಡ್ಡ ಹೆಜ್ಜೆಗೆ ಇಪ್ಪತ್ತೊಂದು ವರ್ಷ ಕಾಯಬೇಕಾಯಿತು. ೧೯೯೬ರಲ್ಲಿ, ಭೂಮಿಯ ಸಮೀಕ್ಷೆಗೆಂದು ಹಾರಿಸಿದ ಐ.ಆರ್.ಎಸ್.-ಪಿ೩ ಉಪಗ್ರಹದಲ್ಲಿ ಕ್ಷ-ಕಿರಣ ಉಪಕರಣಕ್ಕೂ ಜಾಗ ದೊರಕಿತು. ಮದುವೆಯ ಬಂಡಿಯಲ್ಲಿ ಒಂದು ಮೂಲೆ ಹಿಡಿದು ಕುಳಿತ ಹಾಗೆ. ಹಾಗಿದ್ದೂ ಅದು ಜಿ.ಆರ್.ಎಸ್. ೧೯೧೫+೧೦೫ ಎಂಬ ಕೃಷ್ಣವಿವರದಲ್ಲಿ ಮೆಲ್ಲನೆ ಏರಿ ತಟ್ಟನೆ ಇಳಿಯುವ ಕಿರಣದ ಉಬ್ಬರಗಳನ್ನು ದಾಖಲಿಸಿತು. ಸುಳಿಯ ಒಳ ಅಂಚಿನ ಅನಿಲವು ಗಡಿಯಾಚೆಗೆ ಬಿದ್ದು ಮರೆಯಾಗುವುದೇ ಈ ಹಠಾತ್ ಇಳಿತಕ್ಕೆ ಕಾರಣವೆಂದು ನಮ್ಮ ವಿಜ್ಞಾನಿಗಳು ವಾದಿಸಿದರು.

ತನ್ನದೇ ಆದ ಪೂರ್ಣ ಖಗೋಳ ಉಪಗ್ರಹ ಭಾರತಕ್ಕೆ ದೊರೆತದ್ದು ೨೦೧೫ರ ಸೆಪ್ಟೆಂಬರ್ ೨೮ರಂದು, ಶ್ರೀಹರಿಕೋಟೆಯಿಂದ ‘ಆಸ್ಟ್ರೋಸ್ಯಾಟ್’ ಮೇಲೇರಿದಾಗ. ತೂಕ ಒಂದೂವರೆ ಸಾವಿರ ಕಿಲೋಗ್ರಾಂ, ಎತ್ತರ ೬೫೦ ಕಿಲೋಮೀಟರ್, ಉಪಕರಣಗಳು ಐದು. ಹೈದರಾಬಾದಿನಿಂದ ಬಲೂನು ಹಾರಿಸಿದವರಲ್ಲಿ ಒಬ್ಬರಾದ ಪ್ರೊ. ಪಿ. ಸಿ. ಅಗರವಾಲ್ ಅವರೇ ಇದರ ಪ್ರಧಾನ ವಿಜ್ಞಾನಿ. ನೇರಳಾತೀತ ಕಿರಣದ ದೂರದರ್ಶಕವು ನಮ್ಮ ಹೊಸಕೋಟೆಯಲ್ಲಿ ಜೋಡಣೆಯಾಯಿತು. ಉಪಗ್ರಹ ಕಳುಹಿಸುವ ಮಾಹಿತಿ ಬೆಂಗಳೂರಿನ ಹೊರವಲಯದ ಬ್ಯಾಲಾಳಿಗೆ ಬಂದು ಇಳಿಯುತ್ತದೆ. ಐದು ವರ್ಷ ಬಾಳಲೆಂದು ಕಟ್ಟಿದ್ದು ೨೦೨೫ರ ಸೆಪ್ಟೆಂಬರಿಗೆ ಹತ್ತು ವರ್ಷ ಪೂರೈಸಿತು.

ಕ್ಷ-ಕಿರಣಕ್ಕೆ ಕನ್ನಡಿ ಹಿಡಿಯುವುದು ಸುಲಭವಲ್ಲ. ಎದುರಿಗೆ ಕನ್ನಡಿ ಇಟ್ಟರೆ ಕಿರಣ ಅದರೊಳಗೇ ನುಗ್ಗಿ ಇಂಗಿಹೋಗುತ್ತದೆ. ಆದರೆ ಕೆರೆಯ ಮೇಲೆ ಹುಡುಗರು ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿದಾಗ ಅದು ಮುಳುಗದೆ ನೀರನ್ನು ಸವರಿ ಜಿಗಿಯುವಂತೆ, ತೀರ ಓರೆಯಾಗಿ ಬಂದ ಕ್ಷ-ಕಿರಣವು ನುಣುಪಾದ ಲೋಹವನ್ನು ಸವರಿ ತಿರುಗುತ್ತದೆ. ಆದ್ದರಿಂದ ಚಿನ್ನದ ಲೇಪವುಳ್ಳ ತೆಳುವಾದ ಕೊಳವೆಗಳನ್ನು ಒಂದರೊಳಗೊಂದು ಈರುಳ್ಳಿಯ ಪದರಗಳಂತೆ ಜೋಡಿಸಿ ಮೃದು ಕ್ಷ-ಕಿರಣದ ದೂರದರ್ಶಕವನ್ನು ಮಾಡಿದ್ದಾರೆ. ಗಟ್ಟಿ ಕಿರಣಕ್ಕೆ ಈ ಉಪಾಯವೂ ಸಾಲದು. ಅದಕ್ಕಾಗಿ ದೇವಾಲಯದ ಜಾಲಂಧ್ರದಂತಹ ತೂತುತೂತಿನ ಫಲಕವನ್ನು ಶೋಧಕದ ಮೇಲೆ ಹಿಡಿದು, ಕೆಳಗೆ ಬಿದ್ದ ನೆರಳಿನ ವಿನ್ಯಾಸದಿಂದ ಕಿರಣ ಬಂದ ದಿಕ್ಕನ್ನು ಲೆಕ್ಕ ಹಾಕುತ್ತಾರೆ. ಮೂರನೆಯದೊಂದು ಉಪಕರಣದಲ್ಲಿ ಜೆನಾನ್ ಅನಿಲ ತುಂಬಿದ ದೊಡ್ಡ ಪೆಟ್ಟಿಗೆಗಳಿದ್ದು, ಬಂದ ಕಿರಣದ ಕಣಗಳನ್ನು ಒಂದೊಂದಾಗಿ ಹೊತ್ತಿನ ಸಮೇತ ಎಣಿಸುತ್ತವೆ. ಮೇಲೆ ಹೇಳಿದ ಜಿ.ಆರ್.ಎಸ್. ೧೯೧೫+೧೦೫ರ ಕಿರಣವು ಸೆಕೆಂಡಿಗೆ ಸುಮಾರು ೭೦ ಸಲ ಕಂಪಿಸುವುದನ್ನು ಈ ಪೆಟ್ಟಿಗೆಗಳು ಎಣಿಸಿ ತೋರಿಸಿವೆ. ವಿವರದ ಅಂಚಿನಲ್ಲಿ ಸುತ್ತುವ ಅನಿಲದ ನಾಡಿಬಡಿತ ಅದು.

ಎರಡನೆಯ ವಿವರವಾದ ಭ್ರಮಣವನ್ನು ಅಳೆಯುವ ಬಗೆ ಇನ್ನೂ ಸೊಗಸಾದದ್ದು. ಕೃಷ್ಣವಿವರದ ಸುಳಿಗೆ ಒಂದು ಒಳ ಅಂಚು ಇದೆ. ಅದನ್ನು ದಾಟಿದ ಅನಿಲ ಸುತ್ತುವುದನ್ನು ಬಿಟ್ಟು ನೇರ ಬೀಳುತ್ತದೆ. ಸೂರ್ಯನ ಹತ್ತು ಪಟ್ಟು ತೂಕದ, ಸುತ್ತದೇ ಇರುವ ಕೃಷ್ಣವಿವರಕ್ಕೆ ಈ ಅಂಚು ನಡುವಿನಿಂದ ಸುಮಾರು ೯೦ ಕಿಲೋಮೀಟರ್ ದೂರದಲ್ಲಿರುತ್ತದೆ. ಸುಳಿ ತಿರುಗುವ ದಿಕ್ಕಿನಲ್ಲಿಯೇ ಕೃಷ್ಣವಿವರವೂ ಪರಮಾವಧಿ ವೇಗದಿಂದ ಸುತ್ತುತ್ತಿದ್ದರೆ ಅಂಚು ೧೫ ಕಿಲೋಮೀಟರಿನ ಸಮೀಪಕ್ಕೆ ಸರಿಯುತ್ತದೆ. ಅಂಚು ಎಲ್ಲಿದೆಯೆಂದು ತಿಳಿದರೆ ಸುತ್ತಿನ ವೇಗ ತಿಳಿದಂತೆಯೇ. ಅದಕ್ಕೆ ಸಾಕ್ಷಿ ಹೇಳುವುದು ಕಬ್ಬಿಣ. ಸುಳಿಯಲ್ಲಿರುವ ಕಬ್ಬಿಣದ ಪರಮಾಣುಗಳಿಗೆ ಕ್ಷ-ಕಿರಣದಲ್ಲಿ ತಮ್ಮದೇ ಆದ ಒಂದು ಶ್ರುತಿ ಇದೆ, ೬.೪ ಕಿಲೋ ಎಲೆಕ್ಟ್ರಾನ್ ವೋಲ್ಟ್. ಗುರುತ್ವಾಕರ್ಷಣೆಯ ಬಾವಿಯಿಂದ ಹತ್ತಿ ಬರುವಾಗ ಆ ಶ್ರುತಿ ಕುಗ್ಗುತ್ತದೆ. ಎಷ್ಟು ಒಳಗಿನಿಂದ ಬಂತೋ ಅಷ್ಟು ಹೆಚ್ಚು ಕುಗ್ಗುತ್ತದೆ. ಇದು ಒಂದು ದಾರಿ. ಒಳ ಅಂಚಿನ ಕಾವನ್ನು ಅಳೆಯುವುದು ಇನ್ನೊಂದು. ೪ಯು ೧೬೩೦-೪೭ ಎಂಬ ಕೃಷ್ಣವಿವರವನ್ನು ನಮ್ಮ ಆಸ್ಟ್ರೋಸ್ಯಾಟ್ ಮತ್ತು ಅಮೆರಿಕದ ‘ಚಂದ್ರಾ’ ಎರಡೂ ನೋಡಿ, ಅದು ಪರಮಾವಧಿ ವೇಗದ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ವೇಗದಿಂದ ಸುತ್ತುತ್ತಿದೆಯೆಂದು ೨೦೧೮ರಲ್ಲಿ ತಿಳಿಸಿದವು. ೧೯೯೯ರಲ್ಲಿ ಹಾರಿದ ‘ಚಂದ್ರಾ’ ಎಂಬ ದೂರದರ್ಶಕಕ್ಕೆ ಚಂದ್ರಶೇಖರರ ಹೆಸರನ್ನೇ ಇಟ್ಟಿದ್ದಾರೆ. ಎಡಿಂಗ್ಟನ್ನನ ಪರಿಹಾಸಕ್ಕೆ ಇದಕ್ಕಿಂತ ಸಮರ್ಪಕವಾದ ಉತ್ತರ ಬೇಕೆ?

ಕ್ಷ-ಕಿರಣದ ಮಾತಿನ ನಡುವೆ ಬೇರೊಂದು ಮಾರ್ಗದ ಹೆಸರನ್ನು ಹೇಳದಿರುವುದು ಕನ್ನಡಿಗರಿಗೆ ತಕ್ಕುದಲ್ಲ. ಕನ್ನಡದ ವಿದ್ವಾಂಸ ಸಿ. ಕೆ. ವೆಂಕಟರಾಮಯ್ಯನವರ ಮಕ್ಕಳಾದ ಡಾ. ಸಿ. ವಿ. ವಿಶ್ವೇಶ್ವರ ಅವರು, ಕೃಷ್ಣವಿವರವನ್ನು ತಟ್ಟಿದರೆ ಅದು ಗಂಟೆಯಂತೆ ಮೊಳಗಿ ಮೆಲ್ಲಗೆ ಅಡಗುತ್ತದೆಂದು ೧೯೭೦ರಲ್ಲಿ ಗಣಿತದಿಂದ ತೋರಿಸಿದರು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಅವರೇ. ಆಸ್ಟ್ರೋಸ್ಯಾಟ್ ಹಾರುವುದಕ್ಕೆ ಎರಡು ವಾರ ಮುಂಚೆ, ೨೦೧೫ರ ಸೆಪ್ಟೆಂಬರ್ ೧೪ರಂದು, ಎರಡು ಕೃಷ್ಣವಿವರಗಳು ಒಂದಾದಾಗ ಎದ್ದ ಗುರುತ್ವದ ಅಲೆ ಅಮೆರಿಕದ ಉಪಕರಣಗಳಿಗೆ ತಾಗಿತು. ೨೦೧೬ರ ಫೆಬ್ರವರಿಯಲ್ಲಿ ಅದು ಜಗತ್ತಿಗೆಲ್ಲ ತಿಳಿದಾಗ ವಿಶ್ವೇಶ್ವರರು ನಮ್ಮೊಡನಿದ್ದರು. ಮರುವರ್ಷದ ಜನವರಿಯಲ್ಲಿ ತೀರಿಕೊಂಡರು.

೨೦೨೪ರ ಜನವರಿ ಒಂದರಂದು ಹಾರಿದ ‘ಎಕ್ಸ್‌ಪೋಸ್ಯಾಟ್’ ಈ ಪರಂಪರೆಯ ಇನ್ನೊಂದು ಉಪಗ್ರಹ. ಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳುಗಳ ನಡುವೆ ತೂರಿಸಿ ಹಿಡಿದು ಅಲ್ಲಾಡಿಸಿದರೆ, ಸರಳಿನ ದಿಕ್ಕಿಗೆ ಏಳುವ ಅಲೆ ಮಾತ್ರ ಆಚೆ ದಾಟುತ್ತದೆ. ಕಿರಣಕ್ಕೂ ಹೀಗೆ ಒಂದು ದಿಕ್ಕಿನ ಒಲವು ಇರಬಹುದು; ಅದಕ್ಕೆ ಧ್ರುವೀಕರಣವೆಂದು ಹೆಸರು. ಅನಿಲವು ಯಾವ ಆಕಾರದಲ್ಲಿ ಹರಡಿಕೊಂಡಿದೆಯೆಂದು ಈ ಒಲವಿನಿಂದ ಊಹಿಸಬಹುದು. ಇದನ್ನು ಅಳೆಯುವ ‘ಪೋಲಿಕ್ಸ್’ ಉಪಕರಣವನ್ನು ನಿರ್ಮಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ೧೯೪೮ರಲ್ಲಿ ಆ ಸಂಸ್ಥೆಯನ್ನು ಸ್ಥಾಪಿಸಿದ ಸರ್ ಸಿ. ವಿ. ರಾಮನ್ನರಿಗೆ ಚಂದ್ರಶೇಖರರು ಅಣ್ಣನ ಮಗ.

ಶಿಕ್ಷಕರು ಮಕ್ಕಳಿಗೆ ಇದನ್ನು ಆಕಾಶದಲ್ಲಿಯೇ ತೋರಿಸಬೇಕೆಂದರೆ ಅಕ್ಟೋಬರ್ ಮೊದಲ ವಾರದಲ್ಲಿ, ದಸರೆಯ ಆಸುಪಾಸಿನಲ್ಲಿ, ರಾತ್ರಿ ಎಂಟು ಗಂಟೆಗೆ ಶಾಲೆಯ ಮಾಳಿಗೆಯನ್ನು ಹತ್ತಿದರೆ ಸಾಕು. ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ, ಅಭಿಜಿತ್ ನಕ್ಷತ್ರಕ್ಕೆ ಪೂರ್ವದಲ್ಲಿ, ಶ್ರವಣ ನಕ್ಷತ್ರಕ್ಕೆ ಉತ್ತರದಲ್ಲಿ, ರೆಕ್ಕೆ ಬಿಚ್ಚಿ ಹಾರುವ ಹಂಸ ಶಿಲುಬೆಯಾಕಾರದಲ್ಲಿ ಕಾಣುತ್ತದೆ. ಅದರ ಎದೆಯ ನಕ್ಷತ್ರಕ್ಕೂ ಕೊಕ್ಕಿನ ನಕ್ಷತ್ರಕ್ಕೂ ನಡುವೆ, ನೀಳವಾದ ಕೊರಳಿನಲ್ಲಿ, ಮಸುಕಾದ ಒಂದು ಚುಕ್ಕೆಯಿದೆ. ಅದರ ಪಕ್ಕದಲ್ಲಿ, ಹುಣ್ಣಿಮೆಯ ಚಂದ್ರನ ಅಗಲದಷ್ಟು ಅಂತರದಲ್ಲಿ ಸಿಗ್ನಸ್ ಎಕ್ಸ್-೧ ಇರುವುದು. ಅದರ ನೀಲಿ ಜೊತೆಗಾರ ನಕ್ಷತ್ರವು ಬರಿಗಣ್ಣಿಗೆ ಕಾಣದು. ದಾನಿಗಳು ಯಾರಾದರೂ ಮನಸ್ಸು ಮಾಡಿ ಕೊಡಿಸಬಹುದಾದ ಮೂರಂಗುಲದ ಸಣ್ಣ ದೂರದರ್ಶಕದಲ್ಲಿ ನಿಚ್ಚಳವಾಗಿ ಕಾಣುತ್ತದೆ. ೫.೬ ದಿನಕ್ಕೊಮ್ಮೆ ಅದು ಸುತ್ತು ಹಾಕುತ್ತಿರುವುದು ಯಾವುದರ ಸುತ್ತ ಎಂದು ಹುಡುಗರು ಕೇಳಿದರೆ, ಅದರ ಪಕ್ಕದ ಕತ್ತಲೆಯನ್ನು ತೋರಿಸಬೇಕು.